ಹಲ್ಲಿನೊಳಗಿನ ಮಣ್ಣು

ಫೆಬ್ರವರಿ ೧೧

ಅತ್ತೆಯವರಿಗೆ,

ಫೋನ್ ಮಾಡಿದರೆ ನೀವು ತೆಗೆಯುತ್ತಿಲ್ಲ. ನಿಮ್ಮ ಡೆಂಟಲ್ ಕ್ಲಿನಿಕ್ಕಿಗೆ ಮಾಡಿದರೆ ನರ್ಸ್ ತೆಗೆದು "ಮೇಡಂ ಪೇಷಂಟ್ ಜೊತೆ ಇದಾರೆ" ಅನ್ನುತ್ತಾಳೆ. ಬೆಳಗ್ಗೆಯೂ ಪೇಷಂಟ್, ಸಂಜೆಯೂ ಪೇಷಂಟ್, ಭಾನುವಾರವೂ ಪೇಷಂಟ್. ಹಾಗಾಗಿ ಈ ಕಾಗದ.

ಇರುವುದು ಒಂದೇ ವಿಷಯ. ಆಸ್ಪತ್ರೆಯಲ್ಲಿ ನಿಮ್ಮ ಮಗನ ಬಟ್ಟೆ, ಗಡಿಯಾರದ ಜೊತೆ ಒಂದು ಕ್ಯಾನ್ವಾಸ್ ಚೀಲವನ್ನೂ ನಿಮ್ಮ ಕೈಗೆ ಕೊಟ್ಟರು. ಅದರಲ್ಲಿ ಹಳೇ ಟೀ ಶರ್ಟಿನಲ್ಲಿ ಸುತ್ತಿದ ಕಲ್ಲೊಂದಿರಬೇಕು. ಎರಡು ಮುಷ್ಟಿ ಗಾತ್ರದ್ದು, ಒಂದು ಬದಿಯಲ್ಲಿ ಮೂಳೆಯ ಅಂಚು ಇಣುಕುವಂಥದ್ದು. ಆ ದಿನ ಬೆಳಗ್ಗೆ ಅವನು ನದಿ ದಂಡೆಯ ಬಂಡೆಗೋಡೆಯಿಂದ ಬಿಡಿಸಿ ತಂದದ್ದು ಅದು. ಚೀಲವನ್ನು ಕೆಳಗಿಟ್ಟು, ಕಲ್ಲು ಸಿಕ್ಕ ಜಾಗಕ್ಕೆ ಬಣ್ಣದ ಗುರುತು ಹಾಕಲು ಮತ್ತೆ ಹತ್ತಿದಾಗ ಗೋಡೆ ಕುಸಿಯಿತು. ಜಾಗವೂ ಹೋಯಿತು, ಅವನೂ ಹೋದ. ಉಳಿದಿರುವುದು ಆ ಕಲ್ಲು.

ಅದು ನಮ್ಮ ಪಳೆಯುಳಿಕೆ ಸಂಶೋಧನಾ ಸಂಸ್ಥೆಗೆ ಸೇರಿದ ವಸ್ತು. ತರಲು ಯಾರನ್ನಾದರೂ ಕಳಿಸುತ್ತೇನೆ. ನಾನೇ ಬರುವುದು ನಿಮಗೆ ಇಷ್ಟವಾಗಲಾರದು.

ನಿಮ್ಮ ಸೊಸೆ


ಫೆಬ್ರವರಿ ೨೦

ಡಾಕ್ಟರ್ ಸೊಸೆಗೆ,

ಮಗ ಹೋಗಿ ಐದು ವಾರ ಆದ ಮೇಲೆ ನಿನ್ನಿಂದ ಬಂದ ಮೊದಲ ಕಾಗದ ಇದು. ಹೇಗಿದೀರಿ, ಊಟ ಮಾಡ್ತಿದೀರಾ ಅಂತ ಒಂದು ಸಾಲು ಇಲ್ಲ. ಕಲ್ಲು ಕೊಡಿ. ವಸ್ತು ಅಂತೆ.

ಜಾಗವೂ ಹೋಯಿತು, ಅವನೂ ಹೋದ ಅಂತ ಬರೆದಿದೀಯ. ಜಾಗ ಮೊದಲು, ನನ್ನ ಪುಟ್ಟ ಆಮೇಲೆ. ಸತ್ತ ಮೇಲೂ ನಿನ್ನ ಸಾಲಿನಲ್ಲಿ ಅವನಿಗೆ ಎರಡನೇ ಸ್ಥಾನ.

ಹೌದು, ಕಲ್ಲು ನನ್ನ ಹತ್ರ ಇದೆ. ಕೊಡಲ್ಲ. ಚೀಲ ನನ್ನ ಕೈಗೆ ಯಾಕೆ ಬಂತು ಗೊತ್ತಾ? ಹೆಂಡತಿ ಎಲ್ಲಿ ಅಂತ ಅವರು ಕೇಳಿದಾಗ ನೀನು ಹೊರಗೆ ಫೋನ್ ಹಿಡ್ಕೊಂಡು ಓಡಾಡ್ತಾ ಇದ್ದೆ. ಯಾರ ಜೊತೆ ಅಂತ ನಾನು ಕೇಳಲಿಲ್ಲ. ನಿನ್ನ ಬಂಡೆಗಳ ಜೊತೆಗೇ ಇರಬೇಕು.

ಹಲ್ಲಿನ ಡಾಕ್ಟರ್ ಆಗು ಅಂತ ಅವನಿಗೆ ಬಡ್ಕೊಂಡೆ. ಕ್ಲಿನಿಕ್ ಇತ್ತು, ಹೆಸರಿತ್ತು, ಬಂದು ಕೂತರೆ ಸಾಕಿತ್ತು. ಒಂದು ವರ್ಷ ಒಪ್ಪಿಕೊಂಡೂ ಇದ್ದ. ಆಮೇಲೆ ನೀನು ಸಿಕ್ಕಿದೆ, ಅವನು ಸುತ್ತಿಗೆ ಹಿಡ್ಕೊಂಡು ಗೋಡೆ ಹತ್ತೋಕೆ ಹೊರಟ. ನೀನು ಕಲ್ಲಿನ ಡಾಕ್ಟರ್, ನಾನು ಹಲ್ಲಿನ ಡಾಕ್ಟರ್. ನನ್ನ ಪೇಷಂಟುಗಳು ನಡ್ಕೊಂಡು ಮನೆಗೆ ಹೋಗ್ತಾರೆ, ಅಷ್ಟೇ ವ್ಯತ್ಯಾಸ.

ಯಾರನ್ನೂ ಕಳಿಸಬೇಡ. ಕಳಿಸಿದರೆ ಅವರ ಹಲ್ಲು ಕಿತ್ತು ವಾಪಸ್ ಕಳಿಸ್ತೀನಿ.

ಅತ್ತೆ


ಫೆಬ್ರವರಿ ೨೭

ಅತ್ತೆಯವರಿಗೆ,

ನಾನು ಫೋನಿನಲ್ಲಿ ಮಾತಾಡುತ್ತಿದ್ದದ್ದು ಶವ ಸಾಗಿಸುವ ಗಾಡಿಯವನ ಜೊತೆ. ನಿಮ್ಮೂರಿಗೆ ಬರುವುದಿಲ್ಲ ಎನ್ನುತ್ತಿದ್ದ, ಒಪ್ಪಿಸುತ್ತಿದ್ದೆ. ಕೇಳಿದ್ದರೆ ಆಗಲೇ ಹೇಳುತ್ತಿದ್ದೆ.

ಕಲ್ಲು ಯಾಕೆ ಬೇಕು ಎಂದೂ ನೀವು ಕೇಳಿಲ್ಲ. ಆದರೂ ಬರೆಯುತ್ತೇನೆ, ನಿಮ್ಮ ಮಗ ಯಾವುದರ ಬೆನ್ನು ಹತ್ತಿದ್ದ ಎಂದಾದರೂ ತಿಳಿಯಲಿ.

ಭೂಮಿ ಹುಟ್ಟಿ ನಾನೂರ ಐವತ್ತು ಕೋಟಿ ವರ್ಷ ದಾಟಿದೆ. ಅದರಲ್ಲಿ ಬಹುಪಾಲು ಕಾಲ ಇಲ್ಲಿ ಇದ್ದದ್ದು ಬರಿಗಣ್ಣಿಗೆ ಕಾಣದ ಜೀವ. ನೀರಿನಲ್ಲಿ ಲೋಳೆ, ಅಷ್ಟೇ. ಚಿಪ್ಪು, ಮೀನು, ಕಾಡು, ನೆಲದ ಮೇಲೆ ನಡೆಯುವ ಪ್ರಾಣಿ, ಎಲ್ಲ ಬಂದದ್ದು ಕೊನೆಯ ಐವತ್ತು ಅರವತ್ತು ಕೋಟಿ ವರ್ಷಗಳಲ್ಲಿ. ಹಾಗೆ ತುಂಬಿಕೊಂಡ ಲೋಕ ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ ಹೆಚ್ಚುಕಡಿಮೆ ಖಾಲಿಯಾಯಿತು. ಜ್ವಾಲಾಮುಖಿಗಳು ಕಾರಿದವು, ಗಾಳಿ ಬಿಸಿಯಾಯಿತು, ಸಮುದ್ರದ ಉಸಿರು ಕಟ್ಟಿತು. ಕಡಲ ಜೀವಿಗಳ ಹತ್ತು ಬಗೆಗಳಲ್ಲಿ ಒಂಬತ್ತು ಅಳಿದವು. ನೆಲದ ಮೇಲೂ ಉಳಿದದ್ದು ಕಡಿಮೆ. ಡೈನೋಸಾರುಗಳು ಬರುವುದಕ್ಕೂ ಮೊದಲಿನ ಮಾತು ಇದು. ನಮ್ಮ ಬಂಡೆಗೋಡೆಯಲ್ಲಿ ಆ ಸಾವು ಒಂದು ಗೆರೆಯ ಹಾಗೆ ಕಾಣುತ್ತದೆ. ಗೆರೆಯ ಕೆಳಗಿನದಕ್ಕೆ ಪರ್ಮಿಯನ್ ಅನ್ನುತ್ತೇವೆ, ಮೇಲಿನದಕ್ಕೆ ಟ್ರಯಾಸಿಕ್.

ಈ ಕಲ್ಲಿನೊಳಗಿರುವುದು ಬೆಕ್ಕಿನ ಗಾತ್ರದ ಒಂದು ಪ್ರಾಣಿಯ ದವಡೆ. ಅದು ಗೆರೆ ದಾಟಿ ಬದುಕಿತ್ತು ಎಂಬುದು ನಿಮ್ಮ ಮಗನ ವಾದ. ಇಲ್ಲ, ಉಳಿದವುಗಳ ಜೊತೆ ಅದೂ ಸತ್ತಿತು ಎಂಬುದು ನನ್ನದು. ಮದುವೆಯಾದ ಏಳು ವರ್ಷವೂ ನಾವು ಇದನ್ನೇ ಜಗಳವಾಡಿದೆವು. ಕಲ್ಲು ಗೆರೆಯ ಮೇಲಿಂದ ಬಂದಿದ್ದರೆ ಅವನದು ಸರಿ. ಆದರೆ ಅದು ಕೂತಿದ್ದ ಜಾಗವೇ ಈಗ ನದಿಯಲ್ಲಿದೆ. ಎಲ್ಲಿಂದ ಬಂತೆಂದು ಹೇಳಬಲ್ಲದ್ದು ಕಲ್ಲಿಗೆ ಅಂಟಿರುವ ಮಣ್ಣು ಮಾತ್ರ. ದಯವಿಟ್ಟು ಅದನ್ನು ತೊಳೆಯಬೇಡಿ, ಒರೆಸಬೇಡಿ, ಮುಟ್ಟಲೇಬೇಡಿ.

ಸಂಸ್ಥೆಯ ವಕೀಲರಿಗೆ ಹೇಳುವ ಸ್ಥಿತಿಗೆ ನನ್ನನ್ನು ತರಬೇಡಿ.

ಸೊಸೆ


ಏಪ್ರಿಲ್ ೬

ಡಾಕ್ಟರ್ ಸೊಸೆಗೆ,

ಫೋಟೋ ಇಟ್ಟಿದೀನಿ. ನಿನ್ನ ವಕೀಲರಿಗೂ ಒಂದು ತೋರಿಸು.

ನೋಡಿದೆಯಾ? ನೀನು ಎರಡು ಮುಷ್ಟಿ ಕಲ್ಲು ಅಂದದ್ದರ ಒಳಗೆ ಇದು ಇತ್ತು. ಹೆಬ್ಬೆರಳಿನ ಉದ್ದದ ದವಡೆ, ಹಲ್ಲು ಇದ್ದಲ್ಲೇ ಇವೆ. ನಲವತ್ತು ವರ್ಷ ಬಾಯಿ ನೋಡಿದವಳು ನಾನು, ಇದನ್ನ ನೋಡಿ ಬೆಚ್ಚಿಬಿದ್ದೆ. ಮುಂದಿನ ಹಲ್ಲು ಬೇರೆ, ಕೋರೆಹಲ್ಲು ಬೇರೆ, ದವಡೆಹಲ್ಲು ಬೇರೆ. ಮೊಸಳೆಗೆ ಹೀಗಿರಲ್ಲ, ಅದರದು ಎಲ್ಲ ಒಂದೇ ಅಚ್ಚು. ಹಲ್ಲಿಗಳ ಹಲ್ಲೂ ಹಾಗೇ. ಇದು ನಮ್ಮ ಕಡೆಯದು, ಸಸ್ತನಿಗಳ ಕಡೆಯದು. ಡೈನೋಸಾರಿಗಿಂತ ಮುಂಚೆ ನಮ್ಮ ಕಡೆಯವರು ಇದ್ದರು ಅಂತ ನನಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಇಬ್ಬಿಬ್ಬರು ಪಂಡಿತರು ಇದ್ದರು, ಹೇಳಲಿಲ್ಲ.

ಇನ್ನೊಂದು. ಇದು ದೊಡ್ಡದಲ್ಲ, ಮರಿ. ಹಳೇ ಹಲ್ಲಿನ ಬುಡದಲ್ಲಿ ಹೊಸ ಹಲ್ಲು ತಳ್ಳಿಕೊಂಡು ಬರ್ತಾ ಇದೆ. ಪುಟ್ಟನಿಗೆ ಆರು ವರ್ಷ ಆಗಿದ್ದಾಗ ಅವನ ಬಾಯಿ ಥೇಟ್ ಹೀಗೇ ಇತ್ತು. ಅಲ್ಲಾಡೋ ಹಲ್ಲು ಕೀಳೋಕೆ ಬಿಡದೆ ಮಂಚದ ಕೆಳಗೆ ಸೇರ್ಕೊಂಡಿದ್ದ.

ಮುಟ್ಟಬೇಡಿ ಅಂದಿದ್ದೆ. ಮುಟ್ಟಿದೀನಿ. ಏನ್ ಮಾಡ್ತೀಯೋ ಮಾಡ್ಕೋ.

ಅತ್ತೆ


ಏಪ್ರಿಲ್ ೧೨

ಅತ್ತೆಯವರಿಗೆ,

ಫೋಟೋ ತಲುಪಿತು. ಅಷ್ಟು ಸ್ವಚ್ಛವಾದ ದವಡೆಯನ್ನು ನಾನು ಯಾವ ಮ್ಯೂಸಿಯಮ್ಮಿನಲ್ಲೂ ಕಂಡಿಲ್ಲ. ಒಂದು ಚೂರು ಮಣ್ಣೂ ಇಲ್ಲ.

ನಾನು ಬೇಡಿಕೊಂಡೆ, ನೀವು ಡ್ರಿಲ್ ಹಿಡಿದು ಕೂತಿರಿ. ಅವನ ಏಳು ವರ್ಷದ ಕೆಲಸ ನಿಮ್ಮ ಸಿಂಕಿನಲ್ಲಿ ಹರಿದುಹೋಯಿತು. ಅವನು ಹೇಳಿದ್ದು ಸರಿಯೋ ತಪ್ಪೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಬಂಡೆ ಅವನನ್ನು ಒಂದು ಸಲ ಕೊಂದಿತು. ಎರಡನೇ ಸಲ ಕೊಂದವರು ನೀವು.

ದವಡೆ ನೀವೇ ಇಟ್ಟುಕೊಳ್ಳಿ. ಕ್ಲಿನಿಕ್ಕಿನ ಬಿಲ್ಲುಗಳು ಹಾರಿಹೋಗದ ಹಾಗೆ ಮೇಲೆ ಇಡಲು ಆದೀತು.

ಸೊಸೆ


ಏಪ್ರಿಲ್ ೩೦

ಡಾಕ್ಟರ್ ಸೊಸೆಗೆ,

ಕೊಂದವರು ನೀವು ಅಂತ ಬರೆದ ಕೈಯಲ್ಲೇ "ಅತ್ತೆಯವರಿಗೆ" ಅಂತ ಬರೆದಿದೀಯ. ಮರ್ಯಾದೆಗೇನೂ ಕಡಿಮೆ ಇಲ್ಲ.

ಕೇಳು. ನಾನು ಆ ಕಲ್ಲಿಗೆ ಕೈ ಹಾಕಿದ್ದು ಜನವರಿಯಲ್ಲೇ, ಅವನನ್ನ ಕಳಿಸಿಕೊಟ್ಟ ಎರಡು ದಿನಕ್ಕೆ. ನಿನ್ನ ಮೊದಲನೇ ಕಾಗದ ಬರೋ ಹೊತ್ತಿಗೇ ಹೊರಗಿನ ಮಣ್ಣು ಹೋಗಿಯಾಗಿತ್ತು. ಆಗಲೇ ಹೇಳಬಹುದಿತ್ತು. ನೀನು ಕೇಳಿದ್ದು ಕಲ್ಲು ಕೊಡಿ ಅಂತ, ಏನು ಮಾಡ್ತಿದೀರಿ ಅಂತ ಅಲ್ಲ. ಕ್ಲಿನಿಕ್ಕಲ್ಲಿ ಮನುಷ್ಯರ ಬಾಯಿಗೆ ಕೈ ಹಾಕಿದರೆ ಕೈ ನಡುಗೋದು. ಒಬ್ಬ ಹೆಂಗಸಿನ ತುಟಿಗೆ ಗಾಯ ಮಾಡಿದೆ. ಬಾಗಿಲು ಹಾಕಿಸಿದೆ. ಚುಚ್ಚಿದರೂ ಅಮ್ಮಾ ಅನ್ನದ ಬಾಯಿ ಇದೊಂದೇ ಇತ್ತು. ನರ್ಸ್ ನಿನಗೆ ಸುಳ್ಳು ಹೇಳಿಲ್ಲ. ಪೇಷಂಟ್ ಇದೇ.

ಈಗ ನಿನ್ನ ಸರದಿ. ನಿಮ್ಮ ಜೀಪಿನ ಡ್ರೈವರ್ ಪುಟ್ಟನ ಟೋಪಿ ಕೊಡೋಕೆ ಬಂದಿದ್ದ. ಕೂರಿಸಿ ಮಾತಾಡಿಸಿದೆ. "ಅವತ್ತು ಬೆಳಗ್ಗೆ ಇಬ್ರೂ ಜೋರು ಕೂಗಾಡಿದ್ರು ಮೇಡಂ. ಸಾರ್ ಒಬ್ಬರೇ ಹೋದ್ರು. ಮೇಡಂ ಜೀಪಿಂದ ಇಳೀಲೇ ಇಲ್ಲ" ಅಂದ. ಆಸ್ಪತ್ರೆಯಲ್ಲಿ ನನ್ನ ಪಕ್ಕ ಅಷ್ಟು ಹೊತ್ತು ಕೂತಿದ್ದೆ, ಇದನ್ನ ಹೇಳಲಿಲ್ಲ ನೀನು. ಹಗ್ಗ ಹಿಡಿಯೋಕೆ ಒಬ್ಬರು ಬೇಕಂತೆ ಅಲ್ಲಿ. ಹಿಡಿದಿದ್ದವರು ಯಾರು?

ಕೊನೆಗೊಂದು ಮಾತು, ಇದು ನಿನಗೋಸ್ಕರ ಅಲ್ಲ, ಅವನಿಗೋಸ್ಕರ. ಎಲ್ಲ ಮಣ್ಣೂ ಹೋಗಿಲ್ಲ. ಮರಿ ಅಂದೆನಲ್ಲ. ಹೊಸದಾಗಿ ಬರೋ ಹಲ್ಲಿಗೆ ಬೇರಿನ ತುದಿ ತೆರೆದೇ ಇರುತ್ತೆ, ಬಲಿತ ಮೇಲೆ ಮುಚ್ಚಿಕೊಳ್ಳೋದು. ಇದು ಸತ್ತು ಕೆಸರಿಗೆ ಬಿದ್ದಾಗ ಆ ತೂತಿಂದ ಕೆಸರು ಹಲ್ಲಿನೊಳಗೆ ಹೋಗಿದೆ. ಎಕ್ಸ್-ರೇ ತೆಗೆದೆ, ಕೋರೆಹಲ್ಲಿನ ಒಳಗೆ ಗಟ್ಟಿಯಾಗಿ ತುಂಬಿ ಕೂತಿದೆ. ಅದು ನಿನಗೆ ಸಾಕಾಗುತ್ತಾ? ಆಗೋದಾದರೆ ಕೊರೆದು ತೆಗೆಯೋಳು ನಾನು, ನನ್ನ ಕ್ಲಿನಿಕ್ಕಲ್ಲಿ. ನಿಮ್ಮ ಸುತ್ತಿಗೆಯವರ ಕೈಗೆ ಕೊಡಲ್ಲ. ಮತ್ತೆ, ನೀನು ಏನು ಬರೆದರೂ ಅವನ ಹೆಸರು ಮೊದಲು ಇರಬೇಕು.

ಅತ್ತೆ


ಮೇ ೯

ಅತ್ತೆಯವರಿಗೆ,

ಸಾಕು. ಒಂದು ಚಿಟಿಕೆ ಸಿಕ್ಕಿದರೂ ಸಾಕು. ಗೆರೆಯ ಕೆಳಗಿನ ಮಣ್ಣಿನಲ್ಲಿ ಆಗಿನ ದೊಡ್ಡ ಕಾಡಿನ ಮರಗಳ ಪರಾಗ ಇರುತ್ತದೆ. ಮೇಲಿನ ಮಣ್ಣಿನಲ್ಲಿ ಅದಿಲ್ಲ, ಕಾಡೇ ಸತ್ತುಹೋಗಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಬೇರಿನ ತುದಿಯ ವಿಷಯ ನನಗೆ ಹೊಳೆದಿರಲಿಲ್ಲ. ಹೆಸರಿನ ಷರತ್ತಿಗೆ ಒಪ್ಪಿದ್ದೇನೆ.

ಹಗ್ಗವನ್ನು ಯಾರೂ ಹಿಡಿದಿರಲಿಲ್ಲ. ಹಿಂದಿನ ದಿನ ಮಳೆ ಬಂದಿತ್ತು. ಗೋಡೆ ಹಸಿಯಾಗಿದೆ, ಎರಡು ದಿನ ಬಿಡು ಎಂದೆ. "ನಾನು ಗೆಲ್ಲೋದು ನಿನಗೆ ಬೇಡ, ಅದಕ್ಕೇ ಮಳೆ ನೆಪ" ಎಂದ. "ನೀನು ಹತ್ತೋದಾದರೆ ನಾನು ಇಳಿಯಲ್ಲ" ಎಂದೆ. ನಾನು ಇಳಿಯದಿದ್ದರೆ ಅವನು ಹತ್ತಲಾರ ಎಂದುಕೊಂಡಿದ್ದೆ. ಅವನು ಹತ್ತಿದ. ಇಷ್ಟೇ ನಡೆದದ್ದು. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಡ್ರೈವರನ ಬಾಯಿಂದ ಅರ್ಧ ಕೇಳಿದ್ದೀರಿ, ಉಳಿದರ್ಧ ಹೇಳಿದೆ. ಆ ಹಟ ಅವನಿಗೆ ಯಾರಿಂದ ಬಂದಿತ್ತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ತಿಂಗಳ ಕೊನೆಯ ವಾರ ಬರುತ್ತೇನೆ. ಹೋಟೆಲಿನಲ್ಲಿ ಇಳಿದುಕೊಳ್ಳುತ್ತೇನೆ.

ಸೊಸೆ


ಮೇ ೨೮

ಸೊಸೆಗೆ,

ನಿನ್ನೆ ನಿನ್ನೆದುರಿಗೆ ಹೇಳೋಕೆ ಆಗದ್ದನ್ನ ಬರೀತಾ ಇದೀನಿ.

ಎರಡು ಗಂಟೆ ನನ್ನ ಭುಜದ ಮೇಲೆ ಉಸಿರು ಬಿಡ್ತಾ ನಿಂತಿದ್ದೆ. ಒಂದು ಸಲ "ಹುಷಾರು" ಅಂದೆ. ನಲವತ್ತು ವರ್ಷ ಡ್ರಿಲ್ ಹಿಡಿದವಳಿಗೆ ಹುಷಾರು! ನೀನು ಅಷ್ಟು ಹತ್ತಿರ ನಿಂತದ್ದಕ್ಕೇ ನನ್ನ ಕೈ ನಡುಗಲಿಲ್ಲ ಅಂತ ಕಾಣುತ್ತೆ. ಸಿಟ್ಟು ಬಂದರೆ ನನಗೆ ಕೈ ನೆಟ್ಟಗಿರುತ್ತೆ.

ಮಣ್ಣು ಶೀಸೆಗೆ ಬಿತ್ತು. ಸಾಸಿವೆಯಷ್ಟು ಸಾಸಿವೆಯಷ್ಟು ಬಿತ್ತು. ನೀನು ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡ್ಕೊಂಡೆ. ಅವನಿಗೆ ಜ್ವರ ಬಂದಾಗ ಅಷ್ಟು ಜೋಪಾನ ಮಾಡಿದ್ದನ್ನ ನಾನು ನೋಡಿಲ್ಲ. ಬಾಗಿಲ ಹತ್ರ ನಿಂತು "ಅವನು ಗೆದ್ದರೆ ನಿಮಗೆ ಸಂತೋಷ ಆಗುತ್ತೆ ಅಲ್ವಾ" ಅಂದೆ. "ನಿನಗಾಗಲ್ವಾ?" ಅಂತ ನಾನು ಕೇಳಿದೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದೆ.

ಉತ್ತರ ಅದೇ ಅಂತ ತಿಳ್ಕೊಂಡೆ.

ಅತ್ತೆ


ಜುಲೈ ೧೯

ಅತ್ತೆಯವರಿಗೆ,

ಫಲಿತಾಂಶ ಬಂದಿದೆ. ಶೀಸೆಯ ಮಣ್ಣಿನ ತುಂಬ ಹಳೇ ಕಾಡಿನ ಪರಾಗ. ಕಲ್ಲು ಗೆರೆಯ ಕೆಳಗಿನದು. ಆ ಮರಿ ಸತ್ತದ್ದು ಮಹಾಮರಣಕ್ಕಿಂತ ಮೊದಲು, ಕಾಡು ಇನ್ನೂ ಹಸಿರಾಗಿದ್ದಾಗ. ನಿಮ್ಮ ಮಗನ ವಾದಕ್ಕೆ ಇದು ಆಧಾರವಾಗುವುದಿಲ್ಲ.

ಇದರ ಬಗ್ಗೆ ಸಂಶೋಧನಾ ಬರಹ ಶುರು ಮಾಡಿದ್ದೇನೆ. ಅವನ ಹೆಸರು ಮೊದಲು ಇರುತ್ತದೆ.

ಸೊಸೆ


ಜುಲೈ ೨೬

ಡಾಕ್ಟರ್ ಸೊಸೆಗೆ,

ಗೆದ್ದೆ. ಸಂತೋಷವಾಗಿರು.

ನಾಲ್ಕು ಸಾಲಲ್ಲಿ ಮುಗಿಸಿಬಿಟ್ಟೆಯಲ್ಲ, ಎಷ್ಟು ಹಗುರ ಆಗಿರಬೇಕು ನಿನಗೆ. ಒಂದು ಚಿಟಿಕೆ ಮಣ್ಣು ನೋಡೋಕೆ ಎರಡು ತಿಂಗಳು ಬೇಕಾಯ್ತಾ? ನೋಡಿದವರು ಯಾರು, ನಿನ್ನ ಜೊತೆ ಕೆಲಸ ಮಾಡೋರೇ ತಾನೆ? ನಿನಗೆ ಏನು ಬೇಕೋ ಅದೇ ಕಂಡಿರುತ್ತೆ ಅವರಿಗೆ. ಸತ್ತವನು ಎದ್ದು ಬಂದು ಜಗಳ ಆಡಲ್ಲ ಅಂತ ಗೊತ್ತಿದ್ದ ಮೇಲೆ ಗೆಲ್ಲೋದು ಏನು ಮಹಾ.

ಹೆಸರು ಮೊದಲು ಇರಬೇಕು ಅಂತ ಕೇಳಿದ್ದು ನಾನೇ. ಆಗ ಅವನು ಸರಿ ಅಂತ ನಂಬಿದ್ದೆ. ಅವನ ಹೆಸರು ಹಾಕಿ, ಅದರ ಕೆಳಗೆ ಅವನೇ ತಪ್ಪು ಅಂತ ಬರೆಯೋದು ಯಾವ ನ್ಯಾಯ? ಹೆಸರು ತೆಗೆ, ಇಲ್ಲ ಬರೆಯೋದನ್ನೇ ಬಿಡು. ಈ ದವಡೆ ನಾನು ಒಡೆದು ಹಾಕಿದರೆ ನಿನ್ನ ಹತ್ರ ತೋರಿಸೋಕೆ ಏನೂ ಇರಲ್ಲ, ನೆನಪಿರಲಿ.

ಅತ್ತೆ


ಆಗಸ್ಟ್ ೩

ಅತ್ತೆಯವರಿಗೆ,

ಒಡೆಯುವುದಾದರೆ ಒಡೆಯಿರಿ. ನೀವು ಒಡೆಯುವುದಿಲ್ಲ.

ಹೆಸರು ತೆಗೆಯುವುದಿಲ್ಲ, ಬರೆಯುವುದನ್ನೂ ಬಿಡುವುದಿಲ್ಲ. ಅವನ ಮಾತು ತಪ್ಪಾದದ್ದು ಈ ಒಂದು ಕಲ್ಲಿನ ವಿಷಯದಲ್ಲಿ. ಇದರ ನೆಂಟ ಯಾವುದೋ ಒಂದು ಆ ಗೆರೆ ದಾಟಿದ್ದು ನಿಜ. ದಾಟದಿದ್ದರೆ ನಿಮ್ಮ ಬಾಯಲ್ಲೂ ನನ್ನ ಬಾಯಲ್ಲೂ ಕೋರೆಹಲ್ಲು ಇರುತ್ತಿರಲಿಲ್ಲ, ಬಾಯಿಗಳೇ ಇರುತ್ತಿರಲಿಲ್ಲ. ಮುಂದೆ ಹುಡುಕುವವರಿಗೆ, ಅದು ಈ ಕಲ್ಲಿನಲ್ಲಿಲ್ಲ ಎಂದಾದರೂ ಗೊತ್ತಾಗಬೇಕು. ಕಲ್ಲು ತಂದವನು ಅವನು. ಅವನ ಹೆಸರಿಲ್ಲದೆ ಅದರ ಬಗ್ಗೆ ಬರೆಯಲು ನನಗೆ ಹಕ್ಕಿಲ್ಲ. ಫಲಿತಾಂಶ ಮುಚ್ಚಿಟ್ಟೆ ಎಂದು ತಿಳಿದರೆ ಅವನು ನನ್ನ ಪೆಟ್ಟಿಗೆ ಬೀದಿಗೆ ಎಸೆಯುತ್ತಿದ್ದ. ನೀವು ಹೆತ್ತಿದ್ದೀರಿ, ಆದರೆ ಅವನನ್ನು ಇಷ್ಟೂ ತಿಳಿದಿಲ್ಲ.

ದವಡೆಯನ್ನು ಒಯ್ಯಲು ಸಂಸ್ಥೆಯವರು ಮುಂದಿನ ವರ್ಷ ಬರುತ್ತಾರೆ. ಅಲ್ಲಿಯವರೆಗೆ ನಿಮ್ಮಲ್ಲಿರಲಿ ಎಂದು ಬರೆದುಕೊಟ್ಟಿದ್ದೇನೆ. ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.

ಸೊಸೆ


ನವೆಂಬರ್ ೨೩

ಸೊಸೆಗೆ,

ಉತ್ತರ ಬೇಡ ಅಂದಿದ್ದೆ, ಬರೆದಿರಲಿಲ್ಲ. ಈಗ ನೀನೇ ಅಚ್ಚಾದ ಬರಹ ಕಳಿಸಿದ ಮೇಲೆ ಬರೀದೆ ಇರೋಕಾಗಲ್ಲ.

ಓದಿದೆ. ಅರ್ಧ ಅರ್ಥ ಆಗಲಿಲ್ಲ. ಅರ್ಥ ಆದದ್ದರಲ್ಲಿ ಒಂದು ತಪ್ಪಿದೆ. ಹೊಸ ದವಡೆಹಲ್ಲು ಮೂರನೆಯದು ಅಂತ ಬರೆದಿದೀಯ. ನಾಲ್ಕನೆಯದು. ಮೊದಲನೆಯದು ಬಿದ್ದುಹೋಗಿ ಗೂಡು ಮಾತ್ರ ಇದೆ, ಅದನ್ನ ನೀನು ಎಣಿಸಿಲ್ಲ. ಅವನ ಹೆಸರಿನ ಕೆಳಗೆ ತಪ್ಪು ಇರಬಾರದು. ತಿದ್ದಿಸು.

ಓದಿದ ದಿನವೇ, ಬರಹದ ಕೊನೆಯಲ್ಲಿ ಹೆಸರಿದ್ದ ಆ ಪರಾಗದ ಲ್ಯಾಬಿಗೆ ಫೋನ್ ಮಾಡಿದೆ. ಬೈಯೋಕೆ ಅಂತಲೇ ಮಾಡಿದ್ದು. ಅಲ್ಲಿನ ಮುಖ್ಯಸ್ಥ ಸಮಾಧಾನದ ಮನುಷ್ಯ, ಬೈಸಿಕೊಂಡ. ಆಮೇಲೆ "ಒಂದು ಸಲ ಅಲ್ಲ ಮೇಡಂ, ಮೂರು ಸಲ ನೋಡಿದ್ವಿ" ಅಂದ.

"ಮೂರು ಸಲ ಯಾಕೆ? ಮೊದಲನೇ ಸಲಕ್ಕೇ ಅವಳ ಮಾತೇ ನಿಜ ಆಯ್ತಲ್ಲ."

"ಅದೇ ನನಗೂ ಆಶ್ಚರ್ಯ. ರಿಪೋರ್ಟ್ ತಗೊಂಡು ಹೋಗಿ ಅಂದ್ರೆ ಹೋಗಲಿಲ್ಲ, ಇನ್ನೊಂದು ಸಲ ನೋಡಿ ಅಂದ್ರು. ಮತ್ತೆ ಅದೇ ಬಂತು. ಮೂರನೇ ಸಲ ಮೈಕ್ರೋಸ್ಕೋಪಿನ ಮುಂದೆ ತಾವೇ ಕೂತ್ರು. ನಾಲ್ಕು ದಿನ ಏಳಲಿಲ್ಲ. ನಾವು ಏನೋ ತಪ್ಪು ಮಾಡಿರಬೇಕು, ಹುಡುಕ್ತೀನಿ ಅಂದ್ರು. ಕೊನೆಗೆ ನಾನೇ ಎಬ್ಬಿಸಿ ಬಸ್ ಹತ್ತಿಸಿದೆ. ಗೆದ್ದೋರು ಹಾಗಿರಲ್ಲ ಮೇಡಂ."

ಫೋನ್ ಇಡೋಕೆ ಹೊರಟೆ. ನಾನು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. "ಹೋದ ವಾರ ಇನ್ನೊಂದು ಕೆಲಸಕ್ಕೆ ಬಂದಿದ್ರು" ಅಂದ. "ಒಂದು ಕೆನ್ನೆ ಊದಿತ್ತು, ಮಾತಾಡೋಕೂ ಆಗ್ತಿರಲಿಲ್ಲ. ಹಲ್ಲಿನ ಡಾಕ್ಟರ ಹತ್ರ ಹೋಗಿ ಅಂದೆ. ಮದುವೆ ಆದಾಗಿಂದ ಒಬ್ಬರೇ ನನ್ನ ಹಲ್ಲು ನೋಡಿರೋದು, ಈಗ ಅವರ ಹತ್ರ ಹೋಗೋ ಹಾಗಿಲ್ಲ, ಬೇರೆಯವರ ಹತ್ರ ಹೋಗೋಕೆ ಮನಸ್ಸಿಲ್ಲ ಅಂದ್ರು."

ಆವತ್ತಿಂದ ನನಗೆ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಗೊತ್ತಾಗ್ತಾ ಇಲ್ಲ. ಕ್ಷಮಿಸಿದೀನಿ ಅಂದ್ಕೋಬೇಡ. ನೀನು ಜೀಪಿಂದ ಇಳಿದಿದ್ದರೆ ಅಂತ ದಿನಾ ಅನ್ಸುತ್ತೆ. ಇಳಿದಿದ್ದರೆ ನೀನೂ ಆ ಗೋಡೆ ಕೆಳಗೇ ಇರ್ತಿದ್ದೆ ಅಂತಲೂ ಈಚೆಗೆ ಅನ್ಸೋಕೆ ಶುರುವಾಗಿದೆ. ಅದನ್ನ ಒಪ್ಪಿಕೊಳ್ಳೋಕೆ ನನಗೆ ಇಷ್ಟ ಇಲ್ಲ, ಆದರೂ ಅನ್ಸುತ್ತೆ.

ಕೆಳಗಿನ ಬಲಗಡೆಯ ಕೊನೇ ಹಲ್ಲೇ ಇರಬೇಕು. ಎರಡು ವರ್ಷದ ಹಿಂದೆಯೇ ಹೇಳಿದ್ದೆ, ಫೀಲ್ಡ್ ಕೆಲಸ ಮುಗಿಸಿ ಬರ್ತೀನಿ ಅಂತ ತಪ್ಪಿಸ್ಕೊಂಡೆ. ಈಗ ಕೀವು ಆಗಿರುತ್ತೆ. ನೋವಿನ ಮಾತ್ರೆ ನುಂಗ್ತಾ ದಿನ ತಳ್ಳಬೇಡ, ಅದು ತಲೆಗೆ ಏರಿದರೆ ತಮಾಷೆ ಅಲ್ಲ.

ಬುಧವಾರ ಮಧ್ಯಾಹ್ನ ಬಾ. ಹೋಟೆಲ್ ಗೀಟೆಲ್ ಬೇಡ, ಕೀವು ತೆಗೆದ ಮೇಲೆ ಎರಡು ದಿನ ನನ್ನ ಕಣ್ಣೆದುರಿಗೆ ಇರಬೇಕು. ನನ್ನ ಜೊತೆ ಮಾತಾಡಬೇಕಾಗುತ್ತೆ ಅಂತ ಹೆದರ್ಕೋಬೇಡ. ಬಾಯಿ ತೆರೆದುಕೊಂಡು ಕೂತರೆ ಸಾಕು. ಇಂಜೆಕ್ಷನ್ ಕೊಟ್ಟೇ ಕೊರೀತೀನಿ.

ಅತ್ತೆ